ಮನೆಯೊಳಗೆ ಬೆಳೆಸಿದ ತರಕಾರಿ ಸಸಿ ನರಪೇತಲವಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ತಾರಸಿಯ ಮೇಲೆ ಹತ್ತಿಪ್ಪತ್ತು ಕುಂಡ ಇಟ್ಟುಕೊಂಡವರೂ ಇದ್ದಾರೆ, ಅರ್ಧ ಎಕರೆಗೆ ಬೇಕಾದ ಟೊಮೆಟೊ ನಾರನ್ನು ಮನೆಯ ಪಡಸಾಲೆಯಲ್ಲೇ ಟ್ರೇಗಳಲ್ಲಿ ಮಾಡಿಕೊಳ್ಳುವವರೂ ಇದ್ದಾರೆ. ಇಬ್ಬರೂ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಮ್ಮ ಕಡೆ ನಾಟಿಯ ಸಸಿಗೆ ನಾರು ಎನ್ನುವ ರೂಢಿಯಿದೆಯಾದರೂ, ಟ್ರೇಗೆ ತುಂಬುವ ಕೊಕೊಪೀಟ್ ಕೂಡ ತೆಂಗಿನ ನಾರಿನದೇ ಆಗಿರುವುದರಿಂದ, ಗೊಂದಲವಾಗದಿರಲೆಂದು ಮುಂದೆ ಸಸಿ ಎಂಬ ಪದವನ್ನೇ ಬಳಸಿದ್ದೇನೆ.

ಸಸಿ ಒಂದೇ ವಾರದಲ್ಲಿ ಎತ್ತರಕ್ಕೆ ಬಂದಿದೆ ಎಂದು ಮನೆಯವರೆಲ್ಲ ಸಂತೋಷಪಡುತ್ತಿದ್ದಾರೆ. ಅದು ತೊಂದರೆಯೇ?

ಎತ್ತರವೊಂದನ್ನೇ ನೋಡಿ ಹೇಳಲಾಗದು, ಬುಡದಿಂದ ಮೊದಲ ಜೋಡಿ ಎಲೆಯವರೆಗಿನ ಅಂತರವನ್ನು ನೋಡಬೇಕು. ಬೀಜದೊಳಗಿಂದಲೇ ಬರುವ ಆ ದುಂಡನೆಯ ಅಥವಾ ನೀಳವಾದ ಜೋಡಿ ಎಲೆಗಳಿಗೆ ಬೀಜದಳ ಎನ್ನುತ್ತಾರೆ. ಟೊಮೆಟೊ ಸಸಿಯಲ್ಲಿ ಮಣ್ಣಿನಿಂದ ಬೀಜದಳದವರೆಗೆ 2ರಿಂದ 3 ಸೆಂಟಿಮೀಟರ್ ಇದ್ದರೆ ಅದು ಸರಿಯಾಗಿಯೇ ಬೆಳೆಯುತ್ತಿದೆ. 5–6 ಸೆಂಟಿಮೀಟರ್ ದಾಟಿ, ಕಾಂಡವು ಬಿಳಿಚಿಕೊಂಡು, ಬೆಳಿಗ್ಗೆ ಒಂದು ಕಡೆಗೆ ವಾಲಿ, ನೀರು ಚಿಮುಕಿಸಿದರೆ ಮಲಗಿಬಿಡುವಂತಿದ್ದರೆ ಅದು ಬೆಳವಣಿಗೆಯಲ್ಲ, ಬರೀ ಎಳೆತ. ನಾಟಿಗೆ ಬಂದ ಒಳ್ಳೆಯ ಟೊಮೆಟೊ ಸಸಿಯು ಗೇಣುದ್ದಕ್ಕಿಂತ ಗಿಡ್ಡವಾಗಿ, ನಾಲ್ಕೈದು ನಿಜವಾದ ಎಲೆಗಳನ್ನು ಹೊತ್ತು, ಬಾಲ್‌ಪೆನ್ ರೀಫಿಲ್ಲಿನಷ್ಟಾದರೂ ದಪ್ಪದ ಕಾಂಡದ ಮೇಲೆ ನಿಂತಿರಬೇಕು.

ಕೋಲಾರದಂತಹ ಬಿಸಿಲೂರಿನಲ್ಲಿ ಸಸಿಯನ್ನು ಮನೆಯೊಳಗೆ ಬೆಳೆಸುವ ಅಗತ್ಯವಾದರೂ ಏನು?

ಜಾಗವಿದ್ದು, ಬಲೆ ಕಟ್ಟಲು ಸಾಧ್ಯವಿದ್ದರೆ ಅಗತ್ಯವಿಲ್ಲ. ಆದರೆ ಹೈಬ್ರಿಡ್ ಬೀಜವನ್ನು ಎಣಿಸಿ ಕೊಳ್ಳುವ ಕಾಲವಿದು. ಇಲಿ, ಅಳಿಲು, ಕೋಳಿ, ಮಂಗ, ಜೋರು ಮಳೆ ಇವುಗಳಿಂದ ತಪ್ಪಿಸಲು ಜನರು ಟ್ರೇಯನ್ನು ಒಳಗೆ ತರುತ್ತಾರೆ. ಇನ್ನೊಂದು ಕಾರಣ ಬಿಳಿನೊಣ. ಟೊಮೆಟೊ ಎಲೆ ಮುರುಟು ನಂಜುರೋಗವನ್ನು ಹರಡುವ ಈ ಕೀಟವು ಎಳೆಯ ಸಸಿಯನ್ನೇ ಮುಟ್ಟಿದರೆ, ಆ ಗಿಡವು ಹೊಲಕ್ಕೆ ಹೋದ ಮೇಲೆ ಮಾಡಿದ ಖರ್ಚೆಲ್ಲವೂ ವ್ಯರ್ಥ. ಹಾಗಾಗಿ ಒಳಗೆ ತರುವುದು ತಪ್ಪಲ್ಲ. ಒಳಗೆ ತಂದಾಗ ಬಿಸಿಲನ್ನು ಹೊರಗೇ ಬಿಟ್ಟು ಬಂದಿದ್ದೇವೆ ಎಂಬುದನ್ನು ಮರೆಯುವುದು ತಪ್ಪು.

ಸಸಿ ಹೀಗೆ ಎಳೆಯುವುದು ಏಕೆ? ಗೊಬ್ಬರ ಕಡಿಮೆಯಾಗಿರಬಹುದೇ?

ಗೊಬ್ಬರದ ಕೊರತೆಯಿಂದ ಸಸಿ ಕುಳ್ಳಾಗುತ್ತದೆ, ಹಳದಿಯಾಗುತ್ತದೆ, ಆದರೆ ಉದ್ದವಾಗುವುದಿಲ್ಲ. ಉದ್ದವಾಗಲು ಮುಖ್ಯ ಕಾರಣ ಬೆಳಕಿನ ಕೊರತೆ. ಮಣ್ಣಿನೊಳಗೆ ಮೊಳೆತ ಬೀಜಕ್ಕೆ ಇರುವ ಕೆಲಸ ಒಂದೇ: ಬೀಜದಲ್ಲಿ ಕೂಡಿಟ್ಟಿರುವ ಆಹಾರ ಮುಗಿಯುವ ಮೊದಲು ಬೆಳಕನ್ನು ಮುಟ್ಟುವುದು. ಅದಕ್ಕಾಗಿ ಕತ್ತಲಲ್ಲಿ ಅದು ಎಲೆಯನ್ನು ಬೆಳೆಸದೆ, ಬೇರನ್ನೂ ಹೆಚ್ಚು ಬೆಳೆಸದೆ, ಇದ್ದಬದ್ದ ಶಕ್ತಿಯನ್ನೆಲ್ಲ ಕಾಂಡದ ಉದ್ದಕ್ಕೆ ಸುರಿಯುತ್ತದೆ. ಬೆಳಕು ತಗುಲಿದ ಕೂಡಲೇ ಫೈಟೋಕ್ರೋಮ್ ಎಂಬ ವರ್ಣಕವು ಅದನ್ನು ಗ್ರಹಿಸುತ್ತದೆ, ಎಳೆತ ನಿಲ್ಲುತ್ತದೆ, ಎಲೆ ಹಸಿರಾಗಿ ಬಿಚ್ಚಿಕೊಳ್ಳುತ್ತದೆ. ಮನೆಯೊಳಗಿನ ಮಂದ ಬೆಳಕಿನಲ್ಲಿ ಈ ನಿಲುಗಡೆ ಅರ್ಧಂಬರ್ಧ ಮಾತ್ರ ಆಗುತ್ತದೆ. ಇನ್ನೂ ಸ್ವಲ್ಪ ಮೇಲೆ ಹೋದರೆ ಬೆಳಕು ಸಿಕ್ಕೀತು ಎಂಬಂತೆ ಸಸಿ ಎಳೆಯುತ್ತಲೇ ಇರುತ್ತದೆ.

ಇದಕ್ಕೆ ಮೂರು ಸಂಗತಿಗಳು ಜೊತೆಗೂಡುತ್ತವೆ. ಒಂದು, ಸೆಕೆ: ಬೆಳಕು ಕಡಿಮೆಯಿದ್ದು ಬಿಸಿ ಹೆಚ್ಚಿದ್ದರೆ ಎಳೆತ ಇಮ್ಮಡಿಯಾಗುವಂತೆ ಕಾಣುತ್ತದೆ, ಶೀಟು ಹೊದಿಸಿದ ಕೋಣೆಯಲ್ಲಿ, ಅಡುಗೆಮನೆಯ ಅಟ್ಟದ ಮೇಲೆ, ಫ್ರಿಜ್ಜಿನ ಹಿಂದೆ ಇಟ್ಟ ಟ್ರೇಗಳ ಕಥೆ ಇದೇ. ಎರಡು, ದಟ್ಟಣೆ: ಪಕ್ಕದ ಸಸಿಯ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಸರಿಯಾಗಿ ಕಾಣದ ದೂರಕೆಂಪು ಬೆಳಕನ್ನು ಬಿಟ್ಟುಕೊಡುತ್ತದೆ, ಆ ವ್ಯತ್ಯಾಸದಿಂದಲೇ ಸಸಿಯು ಪೈಪೋಟಿ ಬಂದಿದೆಯೆಂದು ತಿಳಿದು ಮೇಲಕ್ಕೆ ಧಾವಿಸುತ್ತದೆ. ಮೂರು, ಅತಿಯಾದ ನೀರು ಮತ್ತು ಸಾರಜನಕ. ಇವು ಎಳೆಯುತ್ತಿರುವ ಸಸಿಯನ್ನು ಇನ್ನಷ್ಟು ಮೆದುವಾಗಿಸುತ್ತವೆ. ಸಸಿ ಸೊರಗಿದೆ ಎಂದು ಒಂದು ಚಿಟಿಕೆ ಯೂರಿಯಾ ಹಾಕುವವರು ತಿಳಿಯದೆ ಮಾಡುವುದು ಇದನ್ನೇ.

ನಮ್ಮ ಕಿಟಕಿಯ ಬಳಿ ಪತ್ರಿಕೆ ಓದುವಷ್ಟು ಬೆಳಕಿದೆ. ಅದು ಸಾಲದೇ?

ಓದಲು ಸಾಕಾಗುವ ಬೆಳಕು ಸಸಿಗೆ ಕತ್ತಲೆಗೆ ಸಮೀಪ. ನಡುಮಧ್ಯಾಹ್ನದ ಬಯಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಇರುತ್ತದೆ, ಮೋಡ ಕವಿದ ದಿನವೂ ಬಯಲಿನಲ್ಲಿ 10 ಸಾವಿರದ ಆಚೀಚೆ ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಅದು ಒಂದೆರಡು ಸಾವಿರಕ್ಕೆ ಇಳಿದು, ಕೋಣೆಯ ನಡುವೆ ಕೆಲವು ನೂರಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿಕೊಂಡು ಈ ಇಳಿತವನ್ನು ಮರೆಮಾಚುವುದರಿಂದ ನಮಗೆ ಅದು ತಿಳಿಯುವುದಿಲ್ಲ. ಟ್ರೇಯ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿದು ನೋಡಿ: ಬೆರಳುಗಳ ಅಂಚು ಸ್ಪಷ್ಟವಾಗಿರುವ ನೆರಳು ಬಿದ್ದರೆ ಬೆಳಕು ಸಾಕು, ಮಸುಕಾದ ಕಲೆಯಂತೆ ಬಿದ್ದರೆ ಸಾಲದು, ನೆರಳೇ ಬೀಳದಿದ್ದರೆ ಅಲ್ಲಿ ಬಿತ್ತನೆ ಬೇಡ.

ಕಿಟಕಿಯ ದಿಕ್ಕಿನ ಬಗ್ಗೆ ಹೊರದೇಶದ ಕೈಪಿಡಿಗಳಲ್ಲಿ ದಕ್ಷಿಣದ ಕಿಟಕಿ ಉತ್ತಮ ಎಂದಿರುವುದನ್ನು ಓದಿ ಅನೇಕರು ಹಾಗೆಯೇ ಮಾಡುತ್ತಾರೆ. ಅದು ನಮಗೆ ಹೊಂದುವುದಿಲ್ಲ. ಕೋಲಾರವಾಗಲಿ ಚಿಕ್ಕಬಳ್ಳಾಪುರವಾಗಲಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆ ಎರಡರ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಅಂದರೆ ಮುಂಗಾರಿನ ಸಸಿ ಮಾಡುವ ಜೂನ್ ತಿಂಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತದಾದರೂ, ಕಿಟಕಿಯ ಮೇಲೆ ಎರಡಡಿಯ ಸಜ್ಜಾ ಇದ್ದರೆ ಅದರ ನೆರಳು ಮಧ್ಯಾಹ್ನ ಸುಮಾರು ಎರಡೂಮುಕ್ಕಾಲು ಅಡಿ ಕೆಳಗಿನವರೆಗೆ ಬೀಳುತ್ತದೆ, ನಾಲ್ಕಡಿ ಕಿಟಕಿಯ ಕೆಳಗಿನ ತುಂಡಿಗಷ್ಟೇ ಬಿಸಿಲು. ನಮ್ಮ ಮನೆಗಳಿಗೆ ಪೂರ್ವದ ಕಿಟಕಿ, ಪೂರ್ವದ ಜಗುಲಿ ಅಥವಾ ತಾರಸಿಗೆ ಹೋಗುವ ಮೆಟ್ಟಿಲಿನ ತಲೆಬಾಗಿಲೇ ಮೇಲು. ಬೆಳಗಿನ ಎರಡು ಮೂರು ಗಂಟೆಯ ಓರೆ ಬಿಸಿಲು ಸಜ್ಜಾದ ಕೆಳಗೆ ನುಗ್ಗಿ ಬರುತ್ತದೆ, ಸುಡುವುದೂ ಇಲ್ಲ. ಪಶ್ಚಿಮದ ಬಿಸಿಲು ಕೋಣೆಯನ್ನು ಕಾಯಿಸಿಬಿಡುತ್ತದೆ.

ಒಂದೇ ಕಡೆಯಿಂದ ಬೆಳಕು ಬಂದಾಗ ಸಸಿಯು ಆ ಕಡೆಗೆ ಬಾಗುವುದು ಬೇರೆಯೇ ವಿಷಯ. ಬಾಗಿದ ಸಸಿಯೆಲ್ಲ ಎಳೆದ ಸಸಿಯಲ್ಲ. ಟ್ರೇಯನ್ನು ದಿನಕ್ಕೊಮ್ಮೆ ತಿರುಗಿಸಿ, ಹಿಂದೆ ಬಿಳಿಯ ಥರ್ಮೋಕೋಲ್ ಹಲಗೆಯನ್ನೋ ಸುಣ್ಣ ಬಳಿದ ರಟ್ಟನ್ನೋ ನಿಲ್ಲಿಸಿದರೆ ಬಾಗುವುದು ಕಡಿಮೆಯಾಗುತ್ತದೆ.

ಬಿತ್ತಿದ ಟ್ರೇಗೆ ಹೊದಿಸಿದ ಮುಚ್ಚಿಗೆಯನ್ನು ಯಾವಾಗ ತೆಗೆಯಬೇಕು?

ಈ ಪುಟದ ಉಳಿದೆಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ಇದೊಂದನ್ನು ಓದಿದರೂ ಸಾಕು. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪಾಲಿಥೀನ್ ಹಾಳೆ ಹೊದಿಸಿ ಕಾವು ಕೊಡುವುದು ನರ್ಸರಿಗಳ ಕ್ರಮ, ಮನೆಯಲ್ಲೂ ಅದನ್ನೇ ಮಾಡುತ್ತೇವೆ. ಮೊಳೆಯಲು ಬೆಳಕು ಬೇಡ, 25ರಿಂದ 30 ಡಿಗ್ರಿಯ ಹಿತವಾದ ಶಾಖ ಬೇಕು. ಆ ಶಾಖದಲ್ಲಿ ಕೋಸಿನ ಜಾತಿಯವು ಮೂರು ನಾಲ್ಕು ದಿನಕ್ಕೆ, ಟೊಮೆಟೊ ನಾಲ್ಕರಿಂದ ಆರು ದಿನಕ್ಕೆ, ಮೆಣಸಿನಕಾಯಿ ಒಂದು ವಾರ ಅಥವಾ ಹತ್ತು ದಿನಕ್ಕೆ ತಲೆ ಎತ್ತುತ್ತವೆ. ಎಲ್ಲ ಬೀಜವೂ ಒಟ್ಟಿಗೆ ಏಳಲಿ ಎಂದು ಕಾಯುವುದರಲ್ಲಿಯೇ ಕೆಡುಕಿದೆ. ಮೊದಲು ಎದ್ದ ಸಸಿಗಳು ಹೊದಿಕೆಯ ಕತ್ತಲಲ್ಲಿ, ಸೆಕೆಯಲ್ಲಿ, ತೇವದಲ್ಲಿ, ಅಂದರೆ ಎಳೆಯಲು ಬೇಕಾದ ಎಲ್ಲ ಅನುಕೂಲಗಳ ನಡುವೆ ಇಡೀ ದಿನ ಕಳೆಯುತ್ತವೆ, ಆ ಒಂದು ದಿನದಲ್ಲಿ ಎಳೆದದ್ದನ್ನು ಮುಂದೆ ಯಾವ ಬಿಸಿಲೂ ಗಿಡ್ಡ ಮಾಡಲಾರದು.

ಆದ್ದರಿಂದ ಮೂರನೆಯ ದಿನದಿಂದ ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತೂ ಹೊದಿಕೆ ಎತ್ತಿ ನೋಡಬೇಕು. ಟ್ರೇಯಲ್ಲಿ ಅಲ್ಲಲ್ಲಿ ಕಾಂಡದ ಬಿಳಿಯ ಕೊಕ್ಕೆ ಕೊಕೊಪೀಟನ್ನು ಸೀಳಿಕೊಂಡು ಕಾಣಿಸಿದರೆ ಸಾಕು, ಅಂದೇ ಟ್ರೇಗಳನ್ನು ಬಿಡಿಸಿ ಬೆಳಕಿಗೆ ಹರಡಬೇಕು. ಹಿಂದುಳಿದ ಬೀಜಗಳು ಬೆಳಕಿನಲ್ಲೂ ಏಳುತ್ತವೆ, ಮೇಲ್ಪದರ ಒಣಗದಂತೆ ನೋಡಿಕೊಂಡರೆ ಆಯಿತು. ನಾನೊಮ್ಮೆ ಆರು ಟ್ರೇ ಮೆಣಸಿನಕಾಯಿಯನ್ನೂ ನಾಲ್ಕು ಟ್ರೇ ಟೊಮೆಟೊವನ್ನೂ ಒಂದೇ ಪೇರಿಕೆಯಲ್ಲಿಟ್ಟು, ಮೆಣಸಿನಕಾಯಿಯ ಲೆಕ್ಕ ಹಿಡಿದು, ನೆಂಟರ ಮದುವೆಗೆಂದು ಚಿಂತಾಮಣಿಗೆ ಹೋಗಿ ಮೂರು ರಾತ್ರಿ ಅಲ್ಲೇ ಉಳಿದೆ. ಬಂದು ನೋಡಿದಾಗ ಟೊಮೆಟೊ ಸಸಿಗಳು ಮೇಲಿನ ಟ್ರೇಯ ತಳಕ್ಕೆ ಒತ್ತಿಕೊಂಡು ಶಾವಿಗೆಯಂತೆ ಹೆಣೆದುಕೊಂಡಿದ್ದವು. ಬೇರೆ ಬೇರೆ ಬೆಳೆಯ ಟ್ರೇಗಳನ್ನು ಒಂದೇ ಪೇರಿಕೆಯಲ್ಲಿ ಇಡಬಾರದು ಎಂಬುದನ್ನು ಅಂದಿನಿಂದ ಪಾಲಿಸುತ್ತಿದ್ದೇನೆ. ಸಸಿಮಡಿಗೆ ಹುಲ್ಲು ಹೊದಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಹುಲ್ಲನ್ನು ಮೊಳಕೆ ಕಂಡ ದಿನದ ಸಂಜೆಯೇ ತೆಗೆಯಬೇಕು.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸಸಿ ಬೆಳೆಸಬಹುದೇ? ಕರೆಂಟ್ ಬಿಲ್ ಎಷ್ಟಾದೀತು?

ಖಂಡಿತ ಬೆಳೆಸಬಹುದು, ಗಿಡಕ್ಕೆಂದೇ ಮಾರುವ ನೇರಳೆ ಬಣ್ಣದ ದುಬಾರಿ ದೀಪ ಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ 20 ವಾಟಿನ, ನಾಲ್ಕಡಿ ಉದ್ದದ, ಬಿಳಿ ಬೆಳಕಿನ ಎರಡು ಎಲ್‌ಇಡಿ ಟ್ಯೂಬ್‌ಗಳನ್ನು ಅಕ್ಕಪಕ್ಕ ಕಟ್ಟಿದರೆ, ಅವುಗಳ ಕೆಳಗೆ ಎರಡು ಟ್ರೇಗಳನ್ನು ಸಾಲಾಗಿ ಇಡಬಹುದು. ಆದರೆ ಟ್ಯೂಬು ಇರಬೇಕಾದದ್ದು ಚಾವಣಿಯಲ್ಲಲ್ಲ, ಸಸಿಯ ತಲೆಯಿಂದ ನಾಲ್ಕರಿಂದ ಆರು ಇಂಚಿನ ಮೇಲೆ. ಉದ್ದನೆಯ ಟ್ಯೂಬಿನಿಂದ ದೂರ ಇಮ್ಮಡಿಯಾದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ದುಂಡನೆಯ ಬಲ್ಬಿನಿಂದಾದರೆ ಕಾಲುಭಾಗಕ್ಕೆ. ಹಗ್ಗ ಅಥವಾ ಸರಪಳಿಯಲ್ಲಿ ತೂಗುಹಾಕಿದರೆ ಸಸಿ ಬೆಳೆದಂತೆ ಟ್ಯೂಬನ್ನೂ ಮೇಲೆತ್ತಬಹುದು. ಇಲ್ಲದಿದ್ದರೆ ಟ್ರೇಯ ಕೆಳಗೆ ಇಟ್ಟಿಗೆ ಇಟ್ಟು ಒಂದೊಂದಾಗಿ ತೆಗೆಯುತ್ತ ಬರಬಹುದು. ಹಳೆಯ ಕಾಲದ ಹಳದಿ ಬಲ್ಬು ಮಾತ್ರ ಬೇಡ, ಅದರಲ್ಲಿ ಶಾಖ ಮತ್ತು ದೂರಕೆಂಪು ಬೆಳಕು ಹೆಚ್ಚಿರುವುದರಿಂದ ಸಸಿ ಇನ್ನೂ ಎಳೆಯುತ್ತದೆ.

ದಿನಕ್ಕೆ 14ರಿಂದ 16 ಗಂಟೆ ಉರಿಸಿ, ರಾತ್ರಿ ಆರಿಸಬೇಕು. ಹಗಲು ರಾತ್ರಿ ಎನ್ನದೆ ಉರಿಸಿದರೆ ಬೇಗ ಬೆಳೆಯುತ್ತದೆ ಎಂದು ಭಾವಿಸುವವರಿದ್ದಾರೆ, ಆದರೆ ಟೊಮೆಟೊ ಎಲೆಗಳು ನಿರಂತರ ಬೆಳಕಿನಲ್ಲಿ ಹಳದಿಯಾಗಿ ಹಾಳಾಗುತ್ತವೆ. ಎರಡು ಟ್ಯೂಬನ್ನು 15 ಗಂಟೆ ಉರಿಸಿದರೆ ದಿನಕ್ಕೆ 0.6 ಯೂನಿಟ್, ಮೂರು ವಾರಕ್ಕೆ ಸುಮಾರು 13 ಯೂನಿಟ್ ವಿದ್ಯುತ್ತು. ನಡುವೆ ಒಂದೆರಡು ಗಂಟೆ ಕರೆಂಟ್ ಹೋದರೆ ಚಿಂತಿಸಬೇಕಾಗಿಲ್ಲ. ಬಂಗಾಳ ಕೊಲ್ಲಿಯ ಚಂಡಮಾರುತದ ದೆಸೆಯಿಂದ ನವೆಂಬರಿನಲ್ಲಿ ವಾರಗಟ್ಟಲೆ ಜಡಿಮಳೆ ಹಿಡಿಯುತ್ತದಲ್ಲ, ಅಂತಹ ದಿನಗಳಿಗೆ ಈ ಏರ್ಪಾಡು ಬಹಳ ಉಪಯುಕ್ತ.

ಟ್ರೇಯ ಒಂದೊಂದು ಗುಳಿಗೂ ಎರಡು ಬೀಜ ಹಾಕಿದರೆ ತಪ್ಪೇ?

ಹಳೆಯ ಬೀಜವಾದರೆ ಹಾಕಬಹುದು, ಆದರೆ ಎರಡೂ ಎದ್ದಾಗ ಒಂದನ್ನು ಬೀಜದಳ ಬಿಚ್ಚಿದ ಎರಡು ಮೂರು ದಿನದೊಳಗೆ ಕತ್ತರಿಯಿಂದ ಬುಡದಲ್ಲಿ ಕತ್ತರಿಸಬೇಕು. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸಿಗೆ 98 ಗುಳಿಯ ಟ್ರೇ ರೂಢಿಯಲ್ಲಿದೆ; ಅದರಲ್ಲಿ ಟೊಮೆಟೊ ಮತ್ತು ಕೋಸು 21ರಿಂದ 25 ದಿನ, ಮೆಣಸಿನಕಾಯಿ ಮತ್ತು ದಪ್ಪ ಮೆಣಸಿನಕಾಯಿ 35ರಿಂದ 40 ದಿನ ಹಿಡಿಯುತ್ತವೆ. ಆ ಗಡುವು ದಾಟಿದ ಮೇಲೆ ಒಂದರ ಎಲೆ ಇನ್ನೊಂದರ ಮೇಲೆ ಬಿದ್ದು, ಚೆನ್ನಾಗಿ ಬೆಳೆಸಿದ ಸಸಿಯೂ ಎಳೆಯಲು ಮೊದಲಾಗುತ್ತದೆ.

ನೀರು ಮತ್ತು ಗೊಬ್ಬರವನ್ನು ಹೇಗೆ ಕೊಡಬೇಕು?

ಬೆಳಿಗ್ಗೆ ಮಾತ್ರ ನೀರು ಕೊಟ್ಟು, ಸಂಜೆಯ ಹೊತ್ತಿಗೆ ಮೇಲ್ಪದರ ಆರುವಂತೆ ನೋಡಿಕೊಳ್ಳಬೇಕು. ಕೊಕೊಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಾಗಿರುತ್ತದೆ. ಟ್ರೇಯನ್ನು ಎತ್ತಿ ಭಾರ ನೋಡುವುದು ಬೆರಳಿಟ್ಟು ನೋಡುವುದಕ್ಕಿಂತ ನಂಬಿಕೆಯ ದಾರಿ. ಕೊಕೊಪೀಟಿನಲ್ಲಿ ಪೋಷಕಾಂಶ ಅತ್ಯಲ್ಪವಾದ್ದರಿಂದ, ಮೊದಲ ನಿಜವಾದ ಎಲೆ ಬಿಚ್ಚಿದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ 1ರಿಂದ 2 ಗ್ರಾಂ ಕರಗಿಸಿ ವಾರಕ್ಕೊಮ್ಮೆ ಕೊಟ್ಟರೆ ಮನೆಯ ಸಸಿಗೆ ಸಾಕು.

ಸಸಿಗಳ ಮೇಲೆ ಕೈ ಆಡಿಸಿದರೆ ಕಾಂಡ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಇದು ನಿಜವೇ?

ನಿಜ. ಗಾಳಿಗೆ ಅಲುಗಾಡುವ ಗಿಡವು ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ಮನೆಯೊಳಗೆ ಆ ಅಲುಗಾಟವಿಲ್ಲ. ಬೆಳಿಗ್ಗೆ ಮತ್ತು ಸಂಜೆ ಹತ್ತು ಹತ್ತು ಬಾರಿ ಅಂಗೈಯನ್ನೋ ಒಂದು ರಟ್ಟನ್ನೋ ಸಸಿಗಳ ತುದಿಯ ಮೇಲೆ ಮೆಲ್ಲನೆ ಸವರಿದರೆ, ಇಲ್ಲವೇ ಟೇಬಲ್ ಫ್ಯಾನನ್ನು ದೂರದಲ್ಲಿಟ್ಟು ಎಲೆಗಳು ಸುಮ್ಮನೆ ನಡುಗುವಷ್ಟು ಗಾಳಿಯನ್ನು ದಿನಕ್ಕೆ ಒಂದೆರಡು ಗಂಟೆ ಬಿಟ್ಟರೆ ಟೊಮೆಟೊ ಸಸಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಎಲೆ ಒದ್ದೆಯಾಗಿರುವಾಗ ಸವರಬಾರದು. ಬೀಡಿ ಸೇದುವವರು, ತಂಬಾಕು ಹಾಕಿಕೊಳ್ಳುವವರು ಸೋಪಿನಿಂದ ಕೈ ತೊಳೆಯದೆ ಟೊಮೆಟೊ, ಮೆಣಸಿನಕಾಯಿ ಸಸಿಗಳನ್ನು ಮುಟ್ಟಲೇಬಾರದು, ತಂಬಾಕಿನ ಮೊಸಾಯಿಕ್ ನಂಜು ಕೈಯಿಂದಲೇ ಹರಡುತ್ತದೆ. ಇಷ್ಟಾದರೂ ಈ ಉಪಾಯವು ಬೆಳಕಿಗೆ ಬದಲಿಯಲ್ಲ, ಅದಕ್ಕೊಂದು ಜೊತೆ ಮಾತ್ರ.

ಟೊಮೆಟೊ ಸಸಿ ಈಗಾಗಲೇ ಎಳೆದಿದೆ. ಎಸೆಯಬೇಕೇ?

ಎಸೆಯಬೇಡಿ. ಉದ್ದವಾದ ಕಾಂಡವನ್ನು ಮತ್ತೆ ಗಿಡ್ಡ ಮಾಡಲು ಸಾಧ್ಯವಿಲ್ಲವಾದರೂ ಟೊಮೆಟೊದಲ್ಲಿ ಅದನ್ನು ಹೂಳಲು ಸಾಧ್ಯವಿದೆ, ಹೂತ ಕಾಂಡದುದ್ದಕ್ಕೂ ಬೇರು ಒಡೆಯುತ್ತದೆ. ಬಲಿತ ಟೊಮೆಟೊ ಗಿಡದ ಬುಡವನ್ನು ನೋಡಿದರೆ ಅಲ್ಲಿರುವ ಸಣ್ಣ ಬಿಳಿ ಗುಳ್ಳೆಗಳು ಇಂತಹ ಬೇರಿನ ಮೊಗ್ಗುಗಳೇ.

ಸಸಿಯಲ್ಲಿ ಇನ್ನೂ ಬೀಜದಳ ಮತ್ತು ಒಂದು ಜೋಡಿ ಎಲೆ ಮಾತ್ರ ಇದ್ದರೆ, ಅದನ್ನು ಗುಳಿಯಿಂದ ಚಮಚದ ಹಿಡಿಯಲ್ಲಿ ಮೀಟಿ, ಎಲೆಯನ್ನು ಹಿಡಿದೆತ್ತಿ, ತಳಕ್ಕೆ ತೂತು ಮಾಡಿದ ಹಾಲಿನ ಪ್ಯಾಕೆಟ್ಟಿಗೆ ಅಥವಾ ಕಾಗದದ ಲೋಟಕ್ಕೆ ಬೀಜದಳದ ಕೆಳಗಿನವರೆಗೆ ಹೂತು ವರ್ಗಾಯಿಸಬೇಕು. ಕಾಂಡವನ್ನು ಹಿಡಿಯಬಾರದು: ಹರಿದ ಎಲೆಯ ಬದಲು ಇನ್ನೊಂದು ಬರುತ್ತದೆ, ನಜ್ಜಾದ ಕಾಂಡದ ಬದಲು ಇನ್ನೊಂದು ಬರುವುದಿಲ್ಲ. ವರ್ಗಾಯಿಸಿದ ಎರಡು ದಿನ ನೆರಳಿನಲ್ಲಿಟ್ಟು, ಆಮೇಲೆ ಮೊದಲಿಗಿಂತ ಹೆಚ್ಚು ಬೆಳಕಿಗೆ ಒಯ್ಯಬೇಕು. ಹಳೆಯ ಜಾಗದಲ್ಲೇ ಇಟ್ಟರೆ ಹೂತ ಮೇಲೂ ಅದು ಎಳೆಯುವುದನ್ನು ಬಿಡುವುದಿಲ್ಲ, ಬಹಳಷ್ಟು ಜನ ಎಡವುವುದು ಇಲ್ಲಿಯೇ.

ನಾಟಿಯ ವಯಸ್ಸಿಗೆ ಬಂದ ಸಸಿಯಾದರೆ ನೇರವಾಗಿ ಹೊಲದಲ್ಲೇ ಹೂಳಬಹುದು. ಹೂಳುವ ಭಾಗದ ಎಲೆಗಳನ್ನು ಹಿಂದಿನ ದಿನವೇ ಚಿವುಟಿ ಗಾಯ ಒಣಗಲು ಬಿಟ್ಟು, ಮರುದಿನ ಸಂಜೆ ಎರಡು ಮೂರು ಇಂಚು ಆಳದ ಚಿಕ್ಕ ಕಾಲುವೆ ತೆಗೆದು, ಬೇರಿನ ಗಡ್ಡೆಯನ್ನೂ ಕಾಂಡವನ್ನೂ ಅದರಲ್ಲಿ ಅಡ್ಡಲಾಗಿ ಮಲಗಿಸಿ, ತುದಿಯ ನಾಲ್ಕೈದು ಎಲೆ ಮೇಲೆ ಉಳಿಯುವಂತೆ ಮಣ್ಣು ಮುಚ್ಚಬೇಕು. ತುದಿಯನ್ನು ಬಲವಂತವಾಗಿ ಬಗ್ಗಿಸಬೇಕಾಗಿಲ್ಲ, ಒಂದೆರಡು ದಿನದಲ್ಲಿ ಅದೇ ತಲೆ ಎತ್ತುತ್ತದೆ. ಆಳವಾದ ಗುಣಿಯಲ್ಲಿ ನೇರವಾಗಿ ಹೂಳುವುದಕ್ಕಿಂತ ಹೀಗೆ ಮಲಗಿಸುವುದನ್ನು ನಾನು ಇಷ್ಟಪಡುತ್ತೇನೆ. ಮೇಲ್ಮಣ್ಣು ಬೆಚ್ಚಗಿರುತ್ತದೆ, ಅಲ್ಲಿ ಗಾಳಿಯಾಡುತ್ತದೆ. ಕೆರೆಗೋಡು, ಅಂದರೆ ಕೆರೆಯ ಹೂಳು ಹೊಡೆದ ಜಿಗುಟು ಜಮೀನಿನಲ್ಲಿ ಅರ್ಧ ಅಡಿ ಕೆಳಗೆ ನೀರು ನಿಂತು ಕಾಂಡ ಕೊಳೆಯುವ ಭಯವಿರುತ್ತದೆ.

ಎರಡು ಎಚ್ಚರಿಕೆಗಳಿವೆ. ಕಸಿ ಮಾಡಿದ ಟೊಮೆಟೊ ಸಸಿಯನ್ನು ಕಸಿಯ ಗಂಟು ಮಣ್ಣಿನಡಿ ಹೋಗುವಂತೆ ಹೂಳಲೇಬಾರದು, ಹೂತರೆ ಮೇಲಿನ ತಳಿಯೇ ಬೇರು ಬಿಟ್ಟು ಕಸಿಯ ಪ್ರಯೋಜನವೇ ಇಲ್ಲವಾಗುತ್ತದೆ. ಮಲ್ಚಿಂಗ್ ಶೀಟ್ (ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಹಾಸಿದ ಸಾಲುಗಳಲ್ಲಿ ಎಳೆದ ಸಸಿಯನ್ನು ಹೂಳದೆ ನೆಟ್ಟರೆ ಅದು ವಾಲಿ, ಮಧ್ಯಾಹ್ನ ಕಾದ ಶೀಟಿಗೆ ಕಾಂಡ ತಗುಲಿ ಸುಟ್ಟುಹೋಗುತ್ತದೆ. ಹೂಳಲಾಗದಿದ್ದರೆ ಒಂದು ಕಡ್ಡಿಯನ್ನಾದರೂ ಆಸರೆ ಕೊಡಿ.

ಬದನೆ, ಮೆಣಸಿನಕಾಯಿಗಳನ್ನೂ ಹೀಗೆಯೇ ಹೂಳಬಹುದೇ?

ಇವು ಟೊಮೆಟೊದ ಬಂಧುಗಳಾದರೂ ಕಾಂಡದಿಂದ ಬೇರು ಬಿಡುವುದರಲ್ಲಿ ಅಷ್ಟು ಧಾರಾಳಿಗಳಲ್ಲ. ಕಾಂಡ ಇನ್ನೂ ಹಸಿರಾಗಿ ಎಳೆಯದಾಗಿದ್ದರೆ ಬೀಜದಳದ ಕೆಳಗಿನವರೆಗೆ ಹೂಳಬಹುದು, ಅದು ಬೇರಿಗಿಂತ ಹೆಚ್ಚಾಗಿ ಆಸರೆಯ ಕೆಲಸ ಮಾಡುತ್ತದೆ. ಕಂದು ಬಣ್ಣಕ್ಕೆ ತಿರುಗಿ ಬಲಿತ ಕಾಂಡವನ್ನು ಹೂಳಬೇಡಿ. ಮೆಣಸಿನಕಾಯಿ ಸಸಿಗೆ ಪೊರಕೆಕಡ್ಡಿಯ ಆಸರೆ ಕೊಟ್ಟು, ಬೆಳಕು ಹೆಚ್ಚಿಸಿ, ಆರೆಂಟು ಎಲೆ ಬಂದ ಮೇಲೆ ತುದಿಯನ್ನು ಚಿವುಟಿದರೆ ಪಕ್ಕದ ಕವಲೊಡೆದು ಗಿಡ ತುಂಬಿಕೊಳ್ಳುತ್ತದೆ, ಮೊದಲ ಕೊಯ್ಲು ಮಾತ್ರ ತುಸು ತಡವಾಗುತ್ತದೆ.

ಕೋಸು, ಹೂಕೋಸು, ನವಿಲುಕೋಸು?

ಬೀಜದಳದ ಮಟ್ಟದವರೆಗೆ ಧಾರಾಳವಾಗಿ ಹೂಳಿ. ನಡುವಿನ ಸುಳಿಯೊಳಗೆ ಮಣ್ಣು ಬೀಳದಿರಲಿ, ಬಿದ್ದರೆ ಸುಳಿ ಕೊಳೆತು ಗಿಡಕ್ಕೆ ಗಡ್ಡೆ ಕಟ್ಟಲು ತಲೆಯೇ ಇಲ್ಲದಂತಾಗುತ್ತದೆ.

ಸೌತೆ, ಹೀರೆ, ಸೋರೆ ಸಸಿಗಳು ಎಳೆದಿವೆ. ಏನು ಮಾಡಬೇಕು?

ಮತ್ತೆ ಬಿತ್ತಿ. ಇದನ್ನು ಕೇಳಿ ಅನೇಕರಿಗೆ ಬೇಸರವಾಗುತ್ತದೆ, ಆದರೆ ಈ ಬಳ್ಳಿಗಳ ಎಳೆಯ ಕಾಂಡ ನೀರು ತುಂಬಿದ ಕೊಳವೆಯಂತಿದ್ದು, ಹೂತರೆ ಕೊಳೆಯುತ್ತದೆ, ಬಿಟ್ಟರೆ ಮುರಿಯುತ್ತದೆ, ಬೇರು ಅಲುಗಿದರೆ ಮುನಿಸಿಕೊಳ್ಳುತ್ತದೆ. ಇವು ಮೂರು ನಾಲ್ಕು ದಿನಕ್ಕೆ ಮೊಳೆತು ಎರಡು ವಾರದೊಳಗೆ ನಾಟಿಗೆ ಬರುವುದರಿಂದ, ಸೊರಗಿದ್ದನ್ನು ಸುಧಾರಿಸುವ ಹೊತ್ತಿಗೆ ಹೊಸದೇ ಸಿದ್ಧವಾಗಿರುತ್ತದೆ. ಹುರುಳಿಕಾಯಿ, ಅವರೆಗಳನ್ನಂತೂ ಮನೆಯೊಳಗೆ ಸಸಿ ಮಾಡುವ ಗೋಜಿಗೇ ಹೋಗದೆ ನೇರವಾಗಿ ಮಣ್ಣಿಗೆ ಊರುವುದು ಒಳ್ಳೆಯದು.

ಬೆಳಕು ಸಾಲಲಿಲ್ಲ ಎಂದು ತಿಳಿದ ಮೇಲೆ ಟ್ರೇಯನ್ನು ತಾರಸಿಯ ಬಿಸಿಲಿಗೆ ಒಯ್ಯಬಹುದೇ?

ಒಮ್ಮೆಲೇ ಒಯ್ದರೆ ಒಂದೇ ಮಧ್ಯಾಹ್ನದಲ್ಲಿ ಎಲೆಗಳು ಬಿಳಿ ಕಾಗದದಂತೆ ಸುಟ್ಟುಹೋಗುತ್ತವೆ. ಮನೆಯೊಳಗಿನ ಎಲೆ ತೆಳುವಾಗಿ, ಮೇಣದ ಹೊದಿಕೆ ಕಡಿಮೆಯಾಗಿ ಬೆಳೆದಿರುತ್ತದೆ. ಮೊದಲ ದಿನ ಬೆಳಗಿನ ಒಂದು ಗಂಟೆಯ ಬಿಸಿಲು, ಮರುದಿನ ಎರಡು ಗಂಟೆ, ಹೀಗೆ ಒಂದು ವಾರದಲ್ಲಿ ಅರ್ಧ ದಿನದ ಬಿಸಿಲಿಗೆ ಹೊಂದಿಸಬೇಕು. ಮಾರ್ಚ್‌ನಿಂದ ಮೇ ವರೆಗೆ ತಾರಸಿಯ ಸಿಮೆಂಟಿನ ಮೇಲೆ ಟ್ರೇಯನ್ನು ನೇರವಾಗಿ ಇಡದೆ ಕೆಳಗೆ ಇಟ್ಟಿಗೆಯನ್ನೋ ಗೋಣಿಚೀಲವನ್ನೋ ಹಾಕಿ. ತೆಳುವಾದ ಪ್ಲಾಸ್ಟಿಕ್ ಗುಳಿಯ ಮೂಲಕ ಬೇರು ಬೇಯುತ್ತದೆ. ಶೇಕಡಾ 50ರ ನೆರಳು ಬಲೆ ಇದ್ದರೆ ಕೆಲಸ ಹಗುರ. ಆದರೆ ಬೇಸಿಗೆಗೆಂದು ಕಟ್ಟಿದ ಬಲೆಯನ್ನು ಮಳೆಗಾಲದ ಮೋಡದ ದಿನಗಳಲ್ಲೂ ಹಾಗೆಯೇ ಬಿಟ್ಟರೆ ಅದರ ಕೆಳಗೂ ಸಸಿ ಎಳೆಯುತ್ತದೆ. ಕೀಟ ತಡೆಯುವ ಸಣ್ಣ ಕಣ್ಣಿನ ಬಿಳಿ ನೈಲಾನ್ ಬಲೆಯನ್ನು ಮಾತ್ರ ಉಳಿಸಿಕೊಂಡು, ಹಸಿರು ಬಲೆಯನ್ನು ಸರಿಸುವಂತೆ ಕಟ್ಟಿಕೊಳ್ಳುವುದು ಜಾಣತನ.

ಸಸಿಯ ಬುಡ ದಾರದಂತೆ ಸಣ್ಣಗಾಗಿ ಒಂದೊಂದಾಗಿ ಬೀಳುತ್ತಿವೆ. ಇದೂ ಬೆಳಕಿನ ಕೊರತೆಯೇ?

ಅಲ್ಲ, ಅದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ ಶಿಲೀಂಧ್ರಸದೃಶ ಮತ್ತು ಶಿಲೀಂಧ್ರ ಜೀವಿಗಳು ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಕೊಳೆಸುವುದರಿಂದ ಹೀಗಾಗುತ್ತದೆ. ಎಳೆದ ಸಸಿಯು ಬುಡದ ಮೇಲೆ ಅಲ್ಲ, ಬುಡದಿಂದ ದೂರದಲ್ಲಿ ಬಾಗುತ್ತದೆ, ಕಾಂಡ ಬಿಳಿಚಿದ್ದರೂ ಕೊಳೆತಿರುವುದಿಲ್ಲ. ಕೊಳೆ ಬಂದದ್ದು ಬುಡದಲ್ಲೇ ಕಂದಾಗಿ ನೀರುನೀರಾಗಿ ಮಡಚಿಕೊಳ್ಳುತ್ತದೆ. ಬಿದ್ದವನ್ನು ಅವುಗಳ ಗುಳಿಯ ಕೊಕೊಪೀಟ್ ಸಮೇತ ತೆಗೆದು, ನೀರು ಕಡಿಮೆ ಮಾಡಿ, ಗಾಳಿಯಾಡುವಂತೆ ಮಾಡಬೇಕು. ಬಿದ್ದದ್ದು ಬದುಕುವುದಿಲ್ಲ, ಆದ್ದರಿಂದ ಅದನ್ನು ಹೂಳುವ ಪ್ರಯತ್ನ ಬೇಡ. ಮುಂದಿನ ಸಲ ಟ್ರೇ ತುಂಬುವಾಗ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿಕೊಳ್ಳಿ. ಎಳೆದ ಸಸಿಗೆ ಈ ರೋಗ ಬೇಗ ತಗಲುತ್ತದೆ ಎಂಬುದರಿಂದ ಎರಡೂ ಒಂದೇ ಟ್ರೇಯಲ್ಲಿ ಕಂಡು ಗೊಂದಲವಾಗುವುದು ಸಹಜ.

ಕೆಲವು ನರ್ಸರಿಗಳಲ್ಲಿ ಸಸಿ ಗಿಡ್ಡವಾಗಿರಲು ಔಷಧಿ ಹೊಡೆಯುತ್ತಾರಂತೆ. ಮನೆಯಲ್ಲೂ ಹೊಡೆಯಬಹುದೇ?

ಬೆಳವಣಿಗೆ ತಡೆಯುವ ರಾಸಾಯನಿಕಗಳು ಇರುವುದು ಹೌದು, ಪ್ಯಾಕ್ಲೋಬ್ಯೂಟ್ರಾಜೋಲ್ ಅವುಗಳಲ್ಲೊಂದು. ಅಳತೆ ಕೂದಲೆಳೆಯಷ್ಟು ಹೆಚ್ಚಾದರೂ ಸಸಿಯು ಹೊಲಕ್ಕೆ ಹೋದ ಮೇಲೂ ಕೂತಲ್ಲೇ ಕೂತುಬಿಡುತ್ತದೆ, ಟ್ರೇಯ ಮಾಧ್ಯಮದಲ್ಲಿ ಉಳಿದದ್ದು ಮುಂದಿನ ಬಿತ್ತನೆಗೂ ತಗಲಬಹುದು. ಈಗಾಗಲೇ ಎಳೆದದ್ದನ್ನು ಅದು ಗಿಡ್ಡವಾಗಿಸುವುದೂ ಇಲ್ಲ. ಮನೆಯಲ್ಲಿ ಬೇಡವೇ ಬೇಡ.

ಸಸಿ ಸಿದ್ಧವಾಗಿದೆ, ಆದರೆ ಜಮೀನು ಸಿದ್ಧವಾಗಿಲ್ಲ. ಎಳೆಯದಂತೆ ಎಷ್ಟು ದಿನ ತಡೆಹಿಡಿಯಬಹುದು?

ಬೋರ್‌ವೆಲ್ ಕೈಕೊಟ್ಟಿತು, ಡ್ರಿಪ್ ಪೈಪ್ ಹಾಸುವುದು ಬಾಕಿಯಿದೆ, ಕೂಲಿಯವರು ಸಿಗಲಿಲ್ಲ, ಟೊಮೆಟೊ ದರ ಬಿದ್ದಿದೆ ಇನ್ನೊಂದು ವಾರ ನೋಡೋಣ ಎಂಬ ಕಾರಣಗಳಿಂದ ನಮ್ಮಲ್ಲಿ ಸಸಿ ಟ್ರೇಯಲ್ಲೇ ಮುದಿಯಾಗುವುದು ಹೊಸದೇನಲ್ಲ. ಟೊಮೆಟೊವನ್ನು ಒಂದು ವಾರ ತಡೆಯಬಹುದು, ಕಷ್ಟಪಟ್ಟು ಹತ್ತು ದಿನ. ಟ್ರೇಗಳ ನಡುವೆ ಒಂದು ಅಂಗೈ ಅಂತರ ಬಿಟ್ಟು ಹರಡಿ, ಪೂರ್ತಿ ಬಿಸಿಲಿಗೆ ಹೊಂದಿಸಿ, ಎಲೆ ಬೆಳಿಗ್ಗೆ ತುಸು ಬಾಡುವ ಸೂಚನೆ ಕಂಡಾಗ ಮಾತ್ರ ನೀರು ಕೊಡುತ್ತ, ಸಾರಜನಕವನ್ನು ನಿಲ್ಲಿಸಬೇಕು. ಅದಕ್ಕೂ ಹೆಚ್ಚು ದಿನ ಬೇಕಾದರೆ, ತಾರಸಿಯ ಕುಂಡಗಳವರು ಸಸಿಯನ್ನು ಹಾಲಿನ ಪ್ಯಾಕೆಟ್ಟಿಗೆ ಆಳವಾಗಿ ಹೂತು ವರ್ಗಾಯಿಸಿ ಇನ್ನೆರಡು ವಾರ ಗಳಿಸಬಹುದು. ಸಾವಿರಗಟ್ಟಲೆ ಸಸಿಯುಳ್ಳ ರೈತರಿಗೆ ಆ ಕೂಲಿ ಹೊಂದುವುದಿಲ್ಲ. ಅವರು ಗುಳಿಯಿಂದ ಒಂದು ಸಸಿಯನ್ನು ಕಿತ್ತು ನೋಡಲಿ. ಬೇರು ಬಿಳಿಯಾಗಿದ್ದರೆ ಅಡ್ಡಲಾಗಿ ಮಲಗಿಸಿ ನೆಡಲು ಇನ್ನೂ ಅವಕಾಶವಿದೆ, ಕಂದಾಗಿ ಸುತ್ತಿಕೊಂಡು ಹುರಿಗಟ್ಟಿದ್ದರೆ ಹೊಸ ಟ್ರೇ ಬಿತ್ತುವುದೇ ಅಗ್ಗ.